ಏಳಪ್ಪನ ಅವ್ವ

"ಆ ಕೋಟು ಬೇಡ ಅಂದೆ ತಾನೇ? ತೆಗೀರಿ ಅದನ್ನ."

ಅಪ್ಪನ ಜೊತೆ ವಿಭಾಗದಲ್ಲಿ ಕೆಲಸ ಮಾಡಿದ್ದ ಟೈಪಿಸ್ಟಮ್ಮ ಆಗಲೇ ಒಂದು ತೋಳು ತೂರಿಸಿಬಿಟ್ಟಿದ್ದರು. ಮಗಳು ಮಂಚದ ಈಚೆ ಬದಿಯಿಂದ ಬಾಗಿ, ಅಪ್ಪನ ಬಲಗೈಯನ್ನು ಒಂದು ಕೈಯಲ್ಲಿ ಹಿಡಿದು, ಖಾಕಿ ಕೋಟಿನ ತೋಳನ್ನು ಇನ್ನೊಂದು ಕೈಯಿಂದ ಹಿಂದಕ್ಕೆ ಎಳೆಯತೊಡಗಿದಳು. ಕೈ ಸೆಟೆದುಕೊಂಡಿತ್ತು. ಬಟ್ಟೆ ಮೊಣಕೈಯಲ್ಲಿ ಸಿಕ್ಕಿಕೊಂಡು ಹೊಲಿಗೆ ಪರ್ರೆಂದಿತು.

"ನಿಧಾನ ಕಣೇ, ನೋವಾ—" ಎಂದು ಶುರುಮಾಡಿದ ಟೈಪಿಸ್ಟಮ್ಮ ಮಿಕ್ಕ ಮಾತು ನುಂಗಿಕೊಂಡರು.

ಕೋಟು ಬಿಡಿಸಿ ಮಗಳು ಅದನ್ನು ಕುರ್ಚಿಯ ಮೇಲೆ ಎಸೆದಳು. ಎದೆಯ ಜೇಬಿನ ಮೇಲೆ ಕೆಂಪು ನೂಲಿನಲ್ಲಿ 'ಮಾನವಶಾಸ್ತ್ರ ವಿಭಾಗ' ಎಂದು ಹೊಲಿದಿತ್ತು. ನಿವೃತ್ತನಾಗಿ ಹದಿನಾಲ್ಕು ವರ್ಷವಾದರೂ ಅಪ್ಪ ಅದನ್ನು ಬಿಟ್ಟಿರಲಿಲ್ಲ. ತಿಂಗಳಿಗೆರಡು ಸಲ ತಾನೇ ಒಗೆದು, ಇಸ್ತ್ರಿ ಹಾಕಿ, ಹಾಕಿಕೊಂಡು ವಿಭಾಗಕ್ಕೆ ಹೋಗಿ ಬರುತ್ತಿದ್ದ. ಸಂಬಳವಿಲ್ಲದ ಚಾಕರಿಗೆ ಇಷ್ಟು ಠೀವಿಯೇ ಎಂದು ಮಗಳು ಒಂದೆರಡು ಸಲ ರೇಗಿಸಿದ್ದೂ ಉಂಟು. ಆಗೆಲ್ಲ ಅವನು, "ಧೂಳು ಕೂತಿರುತ್ತಮ್ಮ, ಹೊಸಬರಿಗೆ ಒರೆಸೋದು ಗೊತ್ತಾಗಲ್ಲ" ಎನ್ನುತ್ತಿದ್ದ.

"ಮೂವತ್ತೆಂಟು ವರ್ಷ ಹಾಕಿದ ಕೋಟು. ಅದಿಲ್ದೆ ಅವನು ಅವನ ಥರ ಕಾಣಲ್ಲ" ಎಂದರು ಟೈಪಿಸ್ಟಮ್ಮ.

"ಅದಕ್ಕೇ ಬೇಡ ಅಂತಿರೋದು. ಅವರಿಗೆ ಚಾಕರಿ ಮಾಡಿದ್ದು ಸಾಕು. ಹೋಗುವಾಗಲಾದರೂ ನಮ್ಮಪ್ಪನ ಥರ ಹೋಗ್ಲಿ."

ಬಿಳಿಯ ಅಂಗಿ ತೊಡಿಸಿದರು. ಮಗಳು ಒಂದೊಂದೇ ಗುಂಡಿ ಹಾಕುತ್ತ ಬಂದಳು. ಎಂಟು ತಿಂಗಳಿಂದ ಇದೇ ಮನೆಯಲ್ಲಿ, ಈ ಹಿಂದಿನ ಕೋಣೆಯಲ್ಲಿ, ಅಪ್ಪ ಇದ್ದೂ ಅವಳು ಅವನೊಂದಿಗೆ ನೆಟ್ಟಗೆ ಮಾತಾಡಿರಲಿಲ್ಲ. ಊಟ ಇಡುವುದು, ಮಾತ್ರೆ ಇಡುವುದು, ಬಾಗಿಲು ಎಳೆದುಕೊಳ್ಳುವುದು. ನಿನ್ನೆ ಬೆಳಿಗ್ಗೆ ಹೀಗೇ ಕಾಫಿಯ ಲೋಟ ಇಟ್ಟು ತಿರುಗಿದವಳು, ಲೋಟದ ಸದ್ದಿಗೆ ಅವನು ಮಗ್ಗುಲಾಗಲಿಲ್ಲವೆಂದು ಮತ್ತೆ ತಿರುಗಿ ನೋಡಿದ್ದಳು.

ಟೈಪಿಸ್ಟಮ್ಮ ಅವನ ತಲೆಯ ಬಳಿ ನಿಂತು, ನೆರೆತ ಕೂದಲನ್ನು ಬೆರಳಿನಿಂದಲೇ ಹಿಂದಕ್ಕೆ ಬಾಚಿದರು. "ಏಳಪ್ಪಾ" ಎಂದರು. ಹೆಸರು ಹಿಡಿದು ಕರೆದರೋ, ಎದ್ದೇಳು ಎಂದರೋ, ಕೋಣೆಯಲ್ಲಿದ್ದ ಯಾರಿಗೂ ತಿಳಿಯಲಿಲ್ಲ.

*

ಅವನ ಅವ್ವ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಅವನು ಯಾರಿಗೂ ಹೇಳಿದವನಲ್ಲ. ಚಿಕ್ಕವಳಿದ್ದಾಗ ಮಗಳು ಕೇಳಿದ್ದಕ್ಕೆ, "ಕರೆಯೋರೇ ಇಲ್ಲ, ಹೆಸರು ಯಾಕೆ ಬಿಡು" ಎಂದಿದ್ದ. ಏಳಪ್ಪ ಎನ್ನುವುದು ವಿಭಾಗದವರು ಇಟ್ಟದ್ದು. ಅದರ ಕಥೆಯನ್ನು ಮಾತ್ರ ಅವನು ನಗುನಗುತ್ತಲೇ ಹೇಳುತ್ತಿದ್ದ.

ನದಿಯ ಮೇಲಿನ ದಿಬ್ಬದಲ್ಲಿ ಇಪ್ಪತ್ತೆರಡು ಗುಡಿಸಲು. ಒಂದು ದಿನ ಅಲ್ಲಿಗೆ ಲಾರಿ ಬಂತು. ಲಾರಿಯಿಂದ ದೊಡ್ಡ ಸಾಹೇಬರು ಇಳಿದರು. ವಿಭಾಗ ಕಟ್ಟಿದವರೇ ಅವರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಾಗಿದ ಕಾಲಿನ ಕಬ್ಬಿಣದ ಇಕ್ಕಳವನ್ನು ಕಿವಿಯ ಮೇಲಿಟ್ಟು ತಲೆಯ ಅಗಲ ಅಳೆದರು. ಆಮೇಲೆ ಉದ್ದ, ಮೂಗಿನ ಎತ್ತರ, ದವಡೆ. ಬಣ್ಣದ ಗಾಜಿನ ಕಣ್ಣುಗಳಿದ್ದ ಒಂದು ಪೆಟ್ಟಿಗೆ ತೆರೆದು, ಒಂದೊಂದನ್ನೇ ಹುಡುಗರ ಕಣ್ಣಿನ ಪಕ್ಕ ಹಿಡಿದು ನೋಡಿದರು. ಅಳತೆ ಮುಗಿದವರಿಗೆ ಒಂದೊಂದು ಪೆಪ್ಪರ್‌ಮೆಂಟು. ತಲೆಯ ಅಳತೆ ಸಿಕ್ಕರೆ ಜನ ಯಾವ ದರ್ಜೆಯವರು, ಎಷ್ಟು ಬುದ್ಧಿ, ಯಾರಿಗೆ ನಂಟು ಎಲ್ಲ ಗೊತ್ತಾಗುತ್ತದೆ ಎಂದು ಆ ಕಾಲದ ನಂಬಿಕೆ. ಅವನು ಸಾಲಿನಲ್ಲಿ ಏಳನೆಯವನು.

ಮರುವರ್ಷ ಸಾಹೇಬರು ಮತ್ತೆ ಬಂದು ನದಿಯ ಪಕ್ಕ ಡೇರೆ ಹಾಕಿದಾಗ ದಿಬ್ಬಕ್ಕೆ ಜ್ವರ ಬಿತ್ತು. ಎರಡು ತಿಂಗಳಲ್ಲಿ ಊರು ಅರ್ಧವಾಯಿತು. ಅವನ ಅವ್ವ ಒಂಬತ್ತು ದಿನ ಮಲಗಿ ಹೋದಳು. ಉಳಿದವರು ಗುಡ್ಡದ ಆಚೆಗೆ ಚದುರಿದರು. ಅವನ ಕೈ ಹಿಡಿದುಕೊಳ್ಳಲು ಯಾರೂ ಉಳಿಯಲಿಲ್ಲ. ಸಾಹೇಬರು ಅವನನ್ನು ಲಾರಿಗೆ ಹತ್ತಿಸಿಕೊಂಡರು.

"ಮರದ ಪೆಟ್ಟಿಗೆಗಳು. ಅದರ ಮೇಲೆ ಕೂತ್ಕೊಂಡೇ ಪಟ್ಟಣಕ್ಕೆ ಬಂದೆ" ಎನ್ನುತ್ತಿದ್ದ ಅಪ್ಪ. "ರಸ್ತೆಯಲ್ಲಿ ಹಳ್ಳ ಸಿಕ್ಕಿದಾಗೆಲ್ಲ ಒಳಗೆ ಗಡಗಡ ಅನ್ನೋದು. ಸಾಹೇಬರ ಕಪ್ಪು ಬಸಿ ಇರ್ಬೇಕು, ಒಡೆದುಹೋದ್ರೆ ನನ್ನೇ ಬೈತಾರೆ ಅಂತ, ಹಳ್ಳ ಬಂದಾಗೆಲ್ಲ ಪೆಟ್ಟಿಗೆನ ತಬ್ಬಿ ಹಿಡ್ಕೊತಿದ್ದೆ."

ಮಗಳು ಸಣ್ಣವಳಿದ್ದಾಗ ಈ ಜಾಗ ಬಂದ ತಕ್ಷಣ ಬಿದ್ದು ಬಿದ್ದು ನಗುತ್ತಿದ್ದಳು.

*

ಹೊರಗೆ, ಮನೆಯ ಮುಂದಿನ ಓಣಿಯಲ್ಲಿ ಬಾಡಿಗೆ ಕುರ್ಚಿಗಳು. ಬಂದವರು ಇಪ್ಪತ್ತೈದು ಜನರಿದ್ದಿರಬಹುದು, ಅರ್ಧಕ್ಕರ್ಧ ವಿಭಾಗದವರು. ಹೆಣ ಸಾಗಿಸುವ ವ್ಯಾನು ಬರುವುದು ತಡವಾಗಿತ್ತು. ಮಗಳ ಗಂಡ ಫೋನು ಹಿಡಿದು ಓಣಿಯ ತುದಿಗೂ ಮನೆಗೂ ಓಡಾಡುತ್ತಿದ್ದ.

ತಡವಾದಷ್ಟೂ ಜನಕ್ಕೆ ಮಾತು ಬೇಕು. ಟೈಪಿಸ್ಟಮ್ಮ ಶುರುಮಾಡಿದರು. ವಿಭಾಗದ ಮೂರು ತಲೆಮಾರಿನ ಥೀಸಿಸ್ಸು ಅವರ ಬೆರಳಿನಡಿಯೇ ಹಾದುಹೋಗಿತ್ತು.

"ದೊಡ್ಡ ಸಾಹೇಬರು ಹೋದ ಮೇಲೆ ವಂಶಾವಳಿ ಸಾಹೇಬರು ಬಂದ್ರಲ್ಲ, ಅವರಿಗೆ ತಲೆ ಬೇಡ, ನಂಟು ಬೇಕು. ಗಂಡಸು ಅಂದ್ರೆ ತ್ರಿಕೋನ, ಹೆಂಗಸು ಅಂದ್ರೆ ಸೊನ್ನೆ, ಸತ್ತೋರ ಮೇಲೊಂದು ಅಡ್ಡಗೆರೆ. ದಿನಾ ಇವನನ್ನ ಎದುರಿಗೆ ಕೂರಿಸ್ಕೊಂಡು, ನಿಮ್ಮಲ್ಲಿ ಸೋದರಮಾವನ ಮಗಳನ್ನ ಏನಂತಾರೆ, ಅತ್ತೆ ಗಂಡನ ತಮ್ಮನ್ನ ಏನಂತಾರೆ. ಏಳು ವರ್ಷದ ಹುಡುಗನಾಗಿದ್ದಾಗ ಬಂದವನಿಗೆ ಏನು ಗೊತ್ತಿರುತ್ತೆ? ಗೊತ್ತಿದ್ದ ನಂಟರು ಎರಡು ವಾರಕ್ಕೇ ಮುಗಿದುಹೋದ್ರು. ಸಾಹೇಬರು ಬಿಡಲ್ಲ. ಕೊನೆಗೆ ಇವನು ಒಬ್ಬ ದೊಡ್ಡಪ್ಪನ್ನ ಹುಟ್ಟಿಸಿದ."

"ಹುಟ್ಟಿಸಿದ್ರಾ?" ಎಂದ ಒಬ್ಬ ಎಳೆಯ ಮೇಷ್ಟ್ರು.

"ಹೂಂ. ಸುಮ್ನೆ. ಅಕ್ಕ ತಂಗಿ ಇಬ್ಬರನ್ನೂ ಮದುವೆಯಾಗಿ, ಹೆಂಡತಿ ಮನೇಲೇ ಇದ್ದು, ಆಮೇಲೆ ಮಾವನ ಜೊತೆ ಮಾತು ಬಿಟ್ಟ ದೊಡ್ಡಪ್ಪ. ನಾನೇ ಟೈಪ್ ಮಾಡಿದೀನಿ. ಪುಸ್ತಕದಲ್ಲಿ ಬಂತು. ಆ ದೊಡ್ಡಪ್ಪನ ಮದುವೆ ಮೇಲೆ ಬೇರೆ ದೇಶದೋರು ಇಪ್ಪತ್ತು ವರ್ಷ ಜಗಳ ಆಡಿದ್ರು! ಅದು ನಿಯಮವೋ, ನಿಯಮಕ್ಕೆ ಹೊರತೋ ಅಂತ. ಇವನು ಟೀ ಲೋಟ ಹಿಡ್ಕೊಂಡು ಬಾಗಿಲಲ್ಲಿ ನಿಂತು ಕೇಳೋದು. ಆಮೇಲೆ ನನ್ನ ರೂಮಿಗೆ ಬಂದು, 'ಅಮ್ಮಾ, ನಮ್ಮ ದೊಡ್ಡಪ್ಪ ಇವತ್ತೂ ಸಾಯ್ಲಿಲ್ಲ' ಅನ್ನೋದು."

ಜನ ನಕ್ಕರು. ಸಾವಿನ ಮನೆ ಎಂಬುದು ನೆನಪಾಗಿ ಕೆಲವರು ಕೈ ಅಡ್ಡ ಹಿಡಿದು ನಕ್ಕರು. ಬಾಗಿಲಲ್ಲಿ ನಿಂತಿದ್ದ ಮಗಳಿಗೂ ತುಟಿ ಸಡಿಲವಾಯಿತು. "ಅಪ್ಪ ಹೇಳ್ತಿದ್ದ," ಎಂದಳು, "ಮೊದಲು ತಲೆ ಅಳೆದ್ರು, ಆಮೇಲೆ ನಂಟು ಅಳೆದ್ರು, ಆಮೇಲೆ ನಾವು ಕಂಡ ಕನಸಿಗೆಲ್ಲ ಅರ್ಥ ಹಚ್ಚಿದ್ರು, ಈಗ ಕನ್ನಡಿ ಮುಂದೆ ನಿಂತು ತಮ್ಮನ್ನ ತಾವೇ ಅಳ್ಕೊತಿದಾರೆ ಅಂತ."

ನಗದೆ ಇದ್ದವರು ಒಬ್ಬರೇ. ಮೂಲೆಯ ಕುರ್ಚಿಯಲ್ಲಿ ಕೋಲಿನ ಮೇಲೆ ಗದ್ದ ಊರಿ ಕೂತಿದ್ದ ಕನ್ನಡಕದ ಮೇಷ್ಟ್ರು. ವಂಶಾವಳಿ ಸಾಹೇಬರ ನಂತರ ಇಪ್ಪತ್ತೆರಡು ವರ್ಷ ವಿಭಾಗ ನಡೆಸಿದವರು. ಅಳೆಯುವುದು ಪಾಪ, ಇನ್ನೊಬ್ಬರ ಪರವಾಗಿ ಬರೆಯಲು ನಾವು ಯಾರು ಎಂದು ಮೊದಲು ಕೇಳಿದವರು ಅವರೇ ಎಂದು ಎಲ್ಲರೂ ಹೇಳುತ್ತಿದ್ದರು. ಎಪ್ಪತ್ತೆಂಟಾಗಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದಿದ್ದರು. ಒಂದು ಲೋಟ ನೀರು ಸಹ ಮುಟ್ಟಿರಲಿಲ್ಲ.

ಅಷ್ಟರಲ್ಲಿ ವಿಭಾಗದ ಈಗಿನ ಮುಖ್ಯಸ್ಥೆ ಆಟೋದಿಂದ ಇಳಿದರು. ಎಲ್ಲರ ಬಾಯಲ್ಲೂ ಅವರು ಬರೀ ಮೇಡಂ. ಇನ್ನೂ ನಲವತ್ತು ದಾಟದ ಹೆಂಗಸು; ಅತ್ತು ಕಣ್ಣು ಕೆಂಪಗಾಗಿತ್ತು. ಮಗಳು ಅವರು ತಂದ ಹೂವನ್ನು ಇಸಿದುಕೊಂಡು, ಅವರ ಮುಂಗೈ ಹಿಡಿದು, ನೆಟ್ಟಗೆ ಅಡುಗೆಮನೆಗೆ ಕರೆದುಕೊಂಡು ಹೋದಳು.

"ಮೇಡಂ, ಒಂದೇ ಮಾತು. ಅರ್ಜಿಗೆ ಸಹಿ ಹಾಕಲ್ಲ ಅಂತಿದ್ದೋನು ಹೋದ. ಈಗ ಅಡ್ಡ ಯಾರೂ ಇಲ್ಲ. ನಮ್ಮಜ್ಜಿನ ಕೊಟ್ಟುಬಿಡಿ. ಗುಂಡಿ ತೋಡೋನಿಗೆ ಅಗಲ ಜಾಸ್ತಿ ಇಡು ಅಂತ ಹೇಳಿದೀನಿ. ಇವತ್ತೇ, ಅವನ ಪಕ್ಕದಲ್ಲೇ ಇಡ್ತೀನಿ."

ಮೇಡಂ ಕಟ್ಟೆಯ ಅಂಚು ಹಿಡಿದುಕೊಂಡರು. "ಅದು... ಹಾಗೆ ಒಂದೇ ದಿನದಲ್ಲಿ..."

"ಸಮಿತಿ ಇದೆ, ನನಗೆ ಗೊತ್ತು. ಸಮುದಾಯದ ಪ್ರತಿನಿಧಿ ಬೇಕು ಅಂತ ಫಾರಂನಲ್ಲಿ ಕೇಳಿದೀರಿ. ಅವನೇ ಸಮುದಾಯ, ಈಗ ನಾನೇ ಸಮುದಾಯ. ಇನ್ಯಾರನ್ನ ತರ್ಲಿ?"

"ಅದಲ್ಲಮ್ಮ." ಮೇಡಂ ತಲೆ ತಗ್ಗಿಸಿದರು. "ನಾನು ಹೇಳಬಾರದು. ಮೇಷ್ಟ್ರನ್ನ ಕೇಳಿ. ದಯವಿಟ್ಟು ಅವರನ್ನೇ ಕೇಳಿ."

ವ್ಯಾನಿನ ಹಾರನ್ನು ಕೇಳಿಸಿತು.

*

ಎಂಟು ತಿಂಗಳ ಹಿಂದೆ ಒಂದು ಭಾನುವಾರ ಅಪ್ಪ ಪೇಪರು ಓದುತ್ತ ಕೂತಿದ್ದ. ವಸ್ತುಸಂಗ್ರಹಗಳಲ್ಲಿರುವ ಮನುಷ್ಯರ ಅವಶೇಷಗಳನ್ನು ಅವರವರ ಮಂದಿಗೆ ಹಿಂತಿರುಗಿಸಲು ವಿಶ್ವವಿದ್ಯಾಲಯ ಸಮಿತಿ ಮಾಡಿದೆ ಎಂದು ಸುದ್ದಿ ಬಂದಿತ್ತು. ಅವನು ಪೇಪರು ಮಡಿಸಿ, ಯಾರಿಗೋ ಎಂಬಂತೆ, "ನಿಮ್ಮಜ್ಜಿ ಅಲ್ಲೇ ಇದಾಳೆ" ಎಂದ.

ಮಗಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೈಯಲ್ಲಿದ್ದ ತಟ್ಟೆ ಕೆಳಗಿಡಲು ಜಾಗ ಕಾಣಲಿಲ್ಲ. ಅವನು ದಿನವೂ ಬೀಗ ತೆಗೆದು, ಬಟ್ಟೆ ಹಿಡಿದು ಒರೆಸುತ್ತಿದ್ದ ಕಪಾಟುಗಳು! ಆ ಲಾರಿ! ಮರುದಿನವೇ ಹೋಗಿ ಅವಳು ಫಾರಂ ತಂದಳು. ತಾನೇ ತುಂಬಿದಳು. ಒಂದು ಕಾಲಂ ಉಳಿಯಿತು: 'ಅವಶೇಷದ ಸಂಖ್ಯೆ.' ಅದರ ಕೆಳಗೆ ಸಹಿ.

"ನಂಬರು ಎಷ್ಟಪ್ಪ?"

"ಬೇಡ ಬಿಡಮ್ಮ."

"ಬೇಡ ಅಂದ್ರೆ?"

"ಅಲ್ಲಿದ್ರೂ ಇರ್ಲಿ. ತಂಪಾಗಿದಾಳೆ. ಯಾಕೆ ಅಲ್ಲಾಡಿಸ್ತೀಯ?"

ಅವಳು ಅಂದು ಆಡಬಾರದ್ದನ್ನೆಲ್ಲ ಆಡಿದಳು. ಹೆತ್ತವಳನ್ನು ಬೀರುವಿನಲ್ಲಿಟ್ಟು ಸಂಬಳ ತಿಂದವನು ಎಂದಳು. ಅವರು ಬಿಸಾಕಿದ ಪೆಪ್ಪರ್‌ಮೆಂಟು ಇನ್ನೂ ನಿನ್ನ ಬಾಯಲ್ಲಿದೆ ಎಂದಳು. ಅಪ್ಪ ಫಾರಮ್ಮನ್ನು ನಾಲ್ಕು ಮಡಿಕೆ ಮಾಡಿ ಅವಳ ಕೈಗೇ ಕೊಟ್ಟು, ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಮೊದಲೆಲ್ಲ ಅವನು ವಾರಕ್ಕೊಮ್ಮೆ ಅವಳ ಅಂಗಡಿಗೂ ಬರುತ್ತಿದ್ದ. ಅವಳದು ಕಟ್ಟು ಹಲ್ಲು ಮಾಡುವ ಕೆಲಸ. ಡಾಕ್ಟರುಗಳು ಕಳಿಸಿದ ಅಚ್ಚಿಗೆ ಗಾರೆ ಹುಯ್ದು, ಗಾರೆಯ ದವಡೆಗಳನ್ನು ಹಲಗೆಯ ಮೇಲೆ ಸಾಲಾಗಿ ಒಣಗಲಿಟ್ಟಿರುತ್ತಿದ್ದಳು. ಅಪ್ಪ ಬಂದವನೇ ಪೆನ್ಸಿಲು ತೆಗೆದುಕೊಂಡು ಒಂದೊಂದನ್ನೂ ತಿರುವಿ, ಅಡಿಯಲ್ಲಿ ರೋಗಿಯ ಹೆಸರಿದೆಯೇ ನೋಡುವನು. ಮಾಸಿದ್ದರೆ ಮತ್ತೆ ತಿದ್ದುವನು. "ಇದರಲ್ಲಿ ಹೆಸರಿಲ್ಲ! ಯಾರದಿದು? ಈಗಲೇ ಹೇಳು, ಯಾರದು?" ಎಂದು ಒಮ್ಮೆ ಗದರಿಸಿಯೇ ಬಿಟ್ಟಿದ್ದ. ಮುದುಕರ ರಗಳೆ ಎಂದು ಅವಳು ನಕ್ಕಿದ್ದಳು. ಜಗಳದ ಮೇಲೆ ಆ ಬರುವಿಕೆಯೂ ನಿಂತಿತು.

*

ಸ್ಮಶಾನದಲ್ಲಿ ಗುಂಡಿ ಇನ್ನೂ ಆಗಿರಲಿಲ್ಲ. ಕೆಳಗೆ ಕಲ್ಲು ಸಿಕ್ಕಿತ್ತು. ಇಬ್ಬರು ಹಾರೆ ಹಾಕಿ ಮೀಟುತ್ತಿದ್ದರು. "ಅಗಲ ಮಾಡು ಅಂದ್ರಲ್ಲಮ್ಮ, ಅದಕ್ಕೇ ಲೇಟು" ಎಂದ ಒಬ್ಬ ಬೆವರು ಒರೆಸುತ್ತ.

ಗೋಡೆಯ ಪಕ್ಕದ ಸಿಮೆಂಟು ಬೆಂಚಿನ ಮೇಲೆ ಕನ್ನಡಕದ ಮೇಷ್ಟ್ರು ಕೂತಿದ್ದರು. ಮಗಳು ಹೋಗಿ ಎದುರಿಗೆ ನಿಂತಳು.

"ಮೇಡಂ ನಿಮ್ಮನ್ನ ಕೇಳು ಅಂದ್ರು."

ಅವರು ಸ್ವಲ್ಪ ಜರುಗಿ ಜಾಗ ಮಾಡಿದರು. ಅವಳು ಕೂರಲಿಲ್ಲ.

"ನಾನು ವಿಭಾಗಕ್ಕೆ ಬಂದಾಗ ಆ ಬುರುಡೆಗಳ ಹಣೆ ಮೇಲೆ ಮಸೀಲಿ ಬರೆದಿತ್ತಮ್ಮ" ಎಂದರು ಮೇಷ್ಟ್ರು. "ಒಂದು ನಂಬರು. ಅದರ ಕೆಳಗೆ ದರ್ಜೆ. ಕೆಳದರ್ಜೆ, ಮಿಶ್ರ, ಹಿಂದುಳಿದದ್ದು, ಹಾಗೆಲ್ಲ. ನೋಡಿ ನನಗೆ ರಾತ್ರಿ ನಿದ್ದೆ ಬರ್ತಿರಲಿಲ್ಲ. ಮನುಷ್ಯರ ಹಣೆ ಮೇಲೆ ಹಾಗೆ ಬರೆಯೋದು ಅಂದ್ರೇನು? ನಾನು ಮುಖ್ಯಸ್ಥನಾದ ಮೊದಲ ವರ್ಷವೇ ಎಲ್ಲಾನೂ ಅಳಿಸಿ ಅಂದೆ. ಹೊಸ ಕಾಲ, ಹೊಸ ವಿಚಾರ. ವಿಭಾಗದಲ್ಲಿ ಅದೊಂದು... ಏನಂತೀರಿ... ಸಮಾರಂಭದ ಥರ ಆಯ್ತು."

"ಯಾರು ಅಳಿಸಿದ್ದು?"

ಮೇಷ್ಟ್ರು ಉತ್ತರ ಹೇಳಬೇಕಾಗಿರಲಿಲ್ಲ.

*

ಆಗ ಅವಳಿಗೆ ಹತ್ತು ವರ್ಷ. ಅಪ್ಪ ಅಂದು ಬೇಗ ಮನೆಗೆ ಬಂದಿದ್ದ. ಮೈತುಂಬ ಸ್ಪಿರಿಟ್ಟಿನ ವಾಸನೆ. ಬೆರಳ ತುದಿಗಳೆಲ್ಲ ಬಿಳುಚಿ ಸುಕ್ಕಾಗಿದ್ದವು. ಆಗಿನ್ನೂ ಬದುಕಿದ್ದ ಅವಳ ಅವ್ವ, "ಕುಡ್ಕೊಂಡ್ ಬಂದ್ಯಾ?" ಎಂದು ಸೊಂಟಕ್ಕೆ ಕೈಯಿಟ್ಟಳು. ಅಪ್ಪ ನಕ್ಕು ಇಬ್ಬರನ್ನೂ ಹೊಸ್ತಿಲಲ್ಲಿ ಕೂರಿಸಿಕೊಂಡ.

"ಎಲ್ಲರ ಹಣೇನೂ ತೊಳೆದು ಮುಗಿಸಿದೆ ಇವತ್ತು. ಒಬ್ಬರದೂ ಬಿಡಲಿಲ್ಲ. ಐದು ದಿನ ಹಿಡೀತು. ಕೆಲವು ಮಸಿ ಎಂಥಾ ಗಟ್ಟಿ ಅಂತೀಯ, ಬ್ಲೇಡಿನ ತುದೀಲಿ ಕೆರೀಬೇಕಾಯ್ತು. ಮೇಷ್ಟ್ರು ನನ್ನ ಹೆಗಲ ಮೇಲೆ ಕೈ ಹಾಕಿ ಎಲ್ಲರ ಮುಂದೆ ಹೇಳಿದ್ರು, ಇದನ್ನ ಏಳಪ್ಪನ ಕೈಯಿಂದಲೇ ಮಾಡಿಸ್ಬೇಕು ಅಂತಿದ್ದೆ ಅಂತ. ಫೋಟೋ ತೆಗೆದ್ರು."

"ನಿಮ್ಮ ಜನಾನಾ ಅವರು?" ಎಂದಳು ಅವ್ವ.

"ದಿಬ್ಬದೋರೇ ಬಹಳ ಜನ. ಯಾವ ಕಾಲದೋರೋ ಏನೋ. ಯಾರಾದ್ರೇನು, ಹಣೆ ಶುಭ್ರವಾಯ್ತು."

ಆ ಸಂಜೆ ಅವನು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪಾರ್ಕಿನವರೆಗೆ ಹೋಗಿದ್ದ. ಹಾಗೆ ಅಷ್ಟು ದೂರ ಅವನು ಅವಳನ್ನು ಎತ್ತಿಕೊಂಡದ್ದು ಅದೇ ಕೊನೆ. ಅಪ್ಪನನ್ನು ನೆನೆದಾಗೆಲ್ಲ ಮೊದಲು ನೆನಪಾಗುತ್ತಿದ್ದುದೂ ಅದೇ ಸಂಜೆ.

*

"ಆಗ ಅವನಿಗೆ ಗೊತ್ತಿರಲಿಲ್ಲ" ಎಂದರು ಮೇಷ್ಟ್ರು. "ನನಗೂ ಗೊತ್ತಿರಲಿಲ್ಲ, ನಂಬಮ್ಮ. ಹಳೇ ಸಮಾಧಿಗಳಿಂದ ತೆಗೆದದ್ದು ಅಂತಲೇ ಅಂದ್ಕೊಂಡಿದ್ವಿ. ಅವನು ರಿಟೈರಾಗೋ ವಾರ, ಅಟ್ಟ ಖಾಲಿ ಮಾಡ್ತಾ, ದೊಡ್ಡ ಸಾಹೇಬರ ದಿನಚರಿ ಸಿಕ್ಕಿತು. ಓದೋಕೆ ಕಲಿತಿದ್ನಲ್ಲ, ಓದಿದ. ನನ್ನ ಹತ್ರ ತಂದು ಮೇಜಿನ ಮೇಲಿಟ್ಟು ಬೆರಳು ತೋರಿಸಿದ."

"ಏನಿತ್ತು?"

ಮೇಷ್ಟ್ರಿಗೆ ಅದು ಬಾಯಿಪಾಠವಾಗಿತ್ತು. "ನಂಬರು ಮೂವತ್ತೊಂದು. ಹೆಣ್ಣು, ಸುಮಾರು ಇಪ್ಪತ್ತಾರು ವರ್ಷ. ಜ್ವರ. ಹೂಳಿದ ಮೇಲೆ ಪಡೆದದ್ದು. ಕುದಿಸಿ ಶುಚಿ ಮಾಡಲಾಗಿದೆ. ಏಳನೇ ನಂಬರಿನ ಹುಡುಗನ ತಾಯಿ."

ಹಾರೆ ಕಲ್ಲಿಗೆ ಬಡಿದು ಠಣ್ ಎಂದಿತು.

"ಮೂವತ್ತೊಂದು" ಎಂದಳು ಮಗಳು. "ಅದು ಯಾವುದು?"

"ಅದೇ ಗೊತ್ತಿಲ್ಲ."

"ಪಟ್ಟಿ ಇರುತ್ತಲ್ಲ."

"ಪಟ್ಟಿಯಲ್ಲಿ ನಂಬರಿದೆ. ಬುರುಡೆ ಮೇಲೆ ನಂಬರಿಲ್ಲ. ಅಳಿಸುವಾಗ ಬರೆದಿಟ್ಕೊಳ್ಳಿ ಅಂತ ನಾನು ಹೇಳಲಿಲ್ಲ. ಹೊಳೀಲೇ ಇಲ್ಲ." ಅವರು ಕೋಲಿನ ತುದಿಯಿಂದ ಮಣ್ಣು ಕೆದಕಿದರು. "ಒಂದು ಗೆರೆ ಉಳಿಯದ ಹಾಗೆ ಚೊಕ್ಕವಾಗಿ ಅಳಿಸಿದ ಅವನು. ಬ್ಲೇಡಲ್ಲಿ ಕೆರೆದು."

"ನೀವು ಏನು ಮಾಡಿದ್ರಿ?"

"ನೋಡ್ತೀನಿ ಅಂದೆ."

"ಆಮೇಲೆ?"

"ನೋಡಲಿಲ್ಲ." ಅವರು ಕನ್ನಡಕ ತೆಗೆದು ಅಂಗಿಯಂಚಿನಲ್ಲಿ ಒರೆಸಿಕೊಂಡರು. "ನಾನು ಬರೆದದ್ದು, ಹೆಸರು ಮಾಡಿದ್ದು ಎಲ್ಲ ಆ ಅಳಿಸಿದ ಕಥೆ ಮೇಲೇ ನಿಂತಿತ್ತು. ಇದು ಹೊರಗೆ ಬಂದ್ರೆ... ಅವನಿಗೂ ಅದನ್ನೇ ಹೇಳಿದೆ, ಯಾರಿಗೂ ಹೇಳಬೇಡ ಏಳಪ್ಪ, ನಿನಗೂ ಒಳ್ಳೇದಲ್ಲ ಅಂತ. ಅವನು ಹೂಂ ಅಂದ. ಅವನು ಯಾವತ್ತು ಇಲ್ಲ ಅಂದಿದಾನೆ?"

ಮೇಡಂ ಯಾವಾಗಲೋ ಬಂದು ಪಕ್ಕದಲ್ಲಿ ನಿಂತಿದ್ದರು. "ಎರಡು ವರ್ಷದ ಹಿಂದೆ ನನ್ನ ಹತ್ರ ಬಂದಿದ್ರು" ಎಂದರು ಮೆಲ್ಲಗೆ. "ಎಂಜಲಿನ ಪರೀಕ್ಷೆಯಿಂದ ತಾಯಿ ಮಕ್ಕಳು ಅಂತ ಗೊತ್ತಾಗುತ್ತಂತಲ್ಲ ಮೇಡಂ ಅಂದ್ರು. ಅವರ ಎಂಜಲು ತಗೊಂಡು, ಬುರುಡೆಗಳಿಂದ ಚೂರು ಚೂರು ಲ್ಯಾಬಿಗೆ ಕಳಿಸಿದ್ವಿ. ಕುದಿಸಿದ್ದಾರಲ್ಲ, ಮೇಲಿಂದ ವಾರ್ನಿಶ್ ಬೇರೆ. ಒಳಗೆ ಏನೂ ಉಳಿದಿಲ್ಲ ಅಂತ ಬರೆದರು. ಒಂದೇ ಒಂದರಲ್ಲೂ. ಆ ಕಾಗದ ಓದಿ ಹೇಳಿದಾಗ ಅವರು ಎದ್ದು ಹೋಗಿ ಒರೆಸೋ ಬಟ್ಟೆ ಎತ್ಕೊಂಡ್ರು. ಸಾಯಂಕಾಲದವರೆಗೂ ಒರೆಸ್ತಾ ಇದ್ರು. ಎಲ್ಲಾನೂ."

ಮಗಳು ಬೆಂಚಿನ ತುದಿಗೆ ಕೂತಳು. ಆ ಫಾರಮ್ಮಿನ ಖಾಲಿ ಕಾಲಂ ಅವಳ ಕಣ್ಣ ಮುಂದಿತ್ತು. ಅವತ್ತು ಅವನು ಬಾಯಿಬಿಟ್ಟು ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ಹೆತ್ತವಳ ಹಣೆಯನ್ನು ಬ್ಲೇಡಿನಿಂದ ಕೆರೆದೆ ಎಂದು ಮಗಳೆದುರು ಹೇಳುವುದಕ್ಕಿಂತ, ಅವಳಿಂದ ಎಂಜಲು ಪೆಪ್ಪರ್‌ಮೆಂಟಿನವನು ಅನ್ನಿಸಿಕೊಳ್ಳುವುದೇ ಹಗುರವೆನಿಸಿತ್ತು ಅವನಿಗೆ.

"ಆಯ್ತು ಬನ್ರಿ" ಎಂದು ಗುಂಡಿಯವನು ಕೂಗಿದ.

ಅಪ್ಪನನ್ನು ಇಳಿಸಿದರು. ಗುಂಡಿ ಅಗಲವಾಗಿದ್ದರಿಂದ ಅವನು ಒಂದು ಬದಿಗೆ ಸರಿದು, ಇನ್ನೊಬ್ಬರಿಗೆ ಜಾಗ ಬಿಟ್ಟು ಮಲಗಿದವನಂತೆ ಕಂಡ. "ನಡುವಿಗೆ ಸರಿಸ್ಲಾ ಅಮ್ಮ?" ಎಂದು ಒಳಗೆ ನಿಂತಿದ್ದವನು ಕೇಳಿದ. ಅವಳು ಅಪ್ಪನ ಪಕ್ಕದ ಖಾಲಿ ಜಾಗ ನೋಡಿದಳು. ಆಮೇಲೆ, "ಸರಿಸು" ಎಂದಳು. ಮಣ್ಣು ಹಾಕಿದರು. ಮೇಷ್ಟ್ರು ಬಗ್ಗಿ ಒಂದು ಹಿಡಿ ತೆಗೆದುಕೊಂಡವರು ಹಾಕಲಾರದೆ ಹಾಗೇ ಹಿಡಿದು ನಿಂತಿದ್ದರು. ಟೈಪಿಸ್ಟಮ್ಮ ಬಂದು ಅವರ ಮುಷ್ಟಿ ಬಿಡಿಸಿ ಮಣ್ಣನ್ನು ಕೆಳಗೆ ಸುರಿದರು.

ಜನ ನಲ್ಲಿಯಲ್ಲಿ ಕೈ ತೊಳೆದುಕೊಂಡು ಚದುರತೊಡಗಿದಾಗ ಮಗಳು ನೀರಿನಡಿ ಹಿಡಿದ ಕೈಯನ್ನು ತಟ್ಟನೆ ನಿಲ್ಲಿಸಿದಳು. ಹೆಬ್ಬೆರಳನ್ನು ನೋಡಿಕೊಂಡಳು.

"ಮೇಡಂ! ಒಂದು ನಿಮಿಷ. ಆ ಬುರುಡೆಗಳಿಗೆ ಮೇಲಿನ ದವಡೆ ಇದೆಯಾ? ಅಂಗುಳ?"

"ಇದೆ. ಬಹಳಷ್ಟಕ್ಕೆ ಇದೆ. ಯಾಕೆ?"

"ಅಪ್ಪನಿಗೆ ಹಲ್ಲು ಕಟ್ಟಿದ್ದು ನಾನೇ. ಅವನ ಅಂಗುಳದಲ್ಲಿ, ನಟ್ಟನಡುವೆ, ಮೂಳೆಯ ಏಣು ಒಂದಿತ್ತು. ಹುಣಸೆಬೀಜ ಮಲಗಿಸಿದ ಹಾಗೆ, ಎಡಕ್ಕೆ ಸ್ವಲ್ಪ ಸೊಟ್ಟ. ಪ್ಲೇಟು ಕೂರದೆ ನಾಲ್ಕು ಸಲ ಕೆತ್ತಿದೆ. ನನಗೂ ಇದೆ, ಅಂಥದ್ದೇ, ಎಡಕ್ಕೇ ಸೊಟ್ಟ. ಇಪ್ಪತ್ತು ವರ್ಷದಲ್ಲಿ ಸಾವಿರ ಬಾಯಿಯ ಅಚ್ಚು ನೋಡಿದೀನಿ, ಇಂಥ ಸೊಟ್ಟದ್ದು ಬೇರೆ ಯಾರಲ್ಲೂ ಕಂಡಿಲ್ಲ ನಾನು. ಅದು ಹೆತ್ತವರಿಂದಲೇ ಬರೋದು. ಮೇಡಂ, ಬೆರಳಿಟ್ಟರೆ ನನಗೆ ಗೊತ್ತಾಗುತ್ತೆ. ಕಣ್ಣು ಮುಚ್ಚಿಕೊಂಡು ಹೇಳ್ತೀನಿ."

ಮೇಡಂ ಅವಳನ್ನು ನೋಡಿದರು. ಗಂಡ, "ಇವತ್ತೇ ಬೇಡ ಕಣೇ, ಮೊದಲು ಮನೆಗೆ..." ಎಂದ. ಅವಳು ಆಗಲೇ ಗೇಟಿನತ್ತ ಹೊರಟಿದ್ದಳು.

*

ಕೋಣೆ ಉದ್ದಕ್ಕಿತ್ತು. ಒಂದೇ ಕಿಟಕಿ. ಕಪಾಟುಗಳ ಗಾಜಿನಲ್ಲಿ ಒಂದು ಚುಕ್ಕೆ ಧೂಳಿರಲಿಲ್ಲ. ಮೇಡಂ ಮೇಜಿನ ಮೇಲೆ ಬಿಳಿಬಟ್ಟೆ ಹಾಸಿ, ಎರಡೂ ಕೈಯಲ್ಲಿ ಒಂದೊಂದನ್ನೇ ತಂದು ಸಾಲಾಗಿ ಇಟ್ಟರು.

"ದಿಬ್ಬದ್ದಕ್ಕೆ ಕಪಾಟೇ ಬೇರೆ. ಅದರಲ್ಲಿ ಹೆಂಗಸರದ್ದು ಅಂತ ಹೇಳಬಹುದಾದದ್ದು ಹತ್ತೊಂಬತ್ತು. ನಿಧಾನವಾಗಿ ನೋಡಿ."

ಹಣೆಗಳು ನುಣ್ಣಗಿದ್ದವು. ಬಗ್ಗಿ ನೋಡಿದರೆ ಮಾತ್ರ ಬ್ಲೇಡು ಆಡಿದ ಸಣ್ಣ ಗೀರುಗಳು ಕಾಣುತ್ತಿದ್ದವು.

ಮಗಳು ಸ್ಟೂಲಿನ ಮೇಲೆ ಕೂತು ಮೊದಲನೆಯದನ್ನು ಮಡಿಲಿಗೆ ತೆಗೆದುಕೊಂಡಳು. ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು. ಬಲಗೈಯ ಹೆಬ್ಬೆರಳನ್ನು ಹಲ್ಲಿನ ಸಾಲಿನ ಹಿಂದಕ್ಕೆ ಜಾರಿಸಿ ಅಂಗುಳದ ನಡುವೆ ಒತ್ತಿದಳು.

"ಇದೆ!" ಎಂದಳು. "ಮೇಡಂ, ಇದೆ! ಎಡಕ್ಕೇ ಸೊಟ್ಟ. ಇಗೋ, ಇಲ್ಲಿ, ನಿಮ್ಮ ಬೆರಳು ಕೊಡಿ—"

ಮೇಡಂ ಮುಟ್ಟಿ ನೋಡಿದರು. ಅವರ ಮುಖ ಅರಳಿತು. ಪೆನ್ನಿಗಾಗಿ ಚೀಲಕ್ಕೆ ಕೈ ಹಾಕಿದವರು, "ಮಿಕ್ಕದ್ದನ್ನೂ ಒಂದು ಸಲ ನೋಡಿಬಿಡೋಣ. ಖಾತ್ರಿಗೆ" ಎಂದರು.

"ನೋಡೋಣ, ನೋಡೋಣ" ಎಂದು ನಗುತ್ತಲೇ ಎರಡನೆಯದನ್ನು ತೆಗೆದುಕೊಂಡಳು ಮಗಳು.

ಅದರಲ್ಲೂ ಇತ್ತು.

ಮೂರನೆಯದರಲ್ಲಿ ಇತ್ತು. ನಾಲ್ಕನೆಯದರಲ್ಲಿ ಸ್ವಲ್ಪ ಚಿಕ್ಕದು, ಎಡಕ್ಕೇ ಸೊಟ್ಟ. ಐದನೆಯದನ್ನು ಅವಳು ಎರಡು ಸಲ ಮುಟ್ಟಿದಳು. ಆರನೆಯದಕ್ಕೆ ಬರುವ ಹೊತ್ತಿಗೆ ಮೇಡಂ ಪೆನ್ನನ್ನು ಚೀಲಕ್ಕೆ ಹಾಕಿ ಕಿಟಕಿಯ ಕಡೆ ತಿರುಗಿ ನಿಂತರು. ಮಗಳು ಒಂದನ್ನು ಇಟ್ಟು ಇನ್ನೊಂದನ್ನು ತೆಗೆದುಕೊಳ್ಳುತ್ತ ಹೋದಳು. ಅತ್ತೆಯೋ, ಚಿಕ್ಕಮ್ಮನೋ, ಅಜ್ಜಿಯ ಅಜ್ಜಿಯೋ, ಇಪ್ಪತ್ತೆರಡು ಗುಡಿಸಲಿನ ಹೆಂಗಸರು ಒಬ್ಬೊಬ್ಬರಾಗಿ ಅವಳ ಮಡಿಲಿಗೆ ಬಂದು ಹೋದರು.

ಐದು ಗಂಟೆಗೆ ಕಾವಲಿನವನು ಬಾಗಿಲಲ್ಲಿ ಕೆಮ್ಮಿದ. ಹತ್ತೊಂಬತ್ತನೆಯದು ಅವಳ ಮಡಿಲಲ್ಲಿತ್ತು. ಬಲಗೈಯ ಹೆಬ್ಬೆರಳು ಅದರ ಬಾಯೊಳಗೆ, ಎಡಗೈಯದು ತನ್ನದೇ ಬಾಯೊಳಗೆ, ಎರಡೂ ಏಣುಗಳನ್ನು ಒಟ್ಟಿಗೇ ಸವರುತ್ತ, ಕಣ್ಣು ಮುಚ್ಚಿ ಅವಳು ಹಾಗೇ ಕೂತಿದ್ದಳು.